ಹಲ್ಲುನೋವಿನ ಮಾತ್ರೆ ನುಂಗಿದ ನಾಯಿ: ಒಂದು ಪ್ರಕರಣ ಅಧ್ಯಯನ

ಸಂಜೆ 7 ಗಂಟೆ 10 ನಿಮಿಷಕ್ಕೆ ಬಂದ ಕರೆ ಶುರುವಾದದ್ದೇ "ಅವಳಿಗೇನೂ ಆಗಿಲ್ಲ ಡಾಕ್ಟರೇ, ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದಾಳೆ, ಆದರೂ ಒಂದು ಮಾತು ಕೇಳಿಬಿಡೋಣ ಅನ್ನಿಸಿತು" ಎಂಬ ಮಾತಿನಿಂದ. ವಿಷಪ್ರಾಶನದ ಪ್ರಕರಣಗಳಲ್ಲಿ ನನಗೆ ಬರುವ ಕರೆಗಳು ಎರಡು ಬಗೆಯವು. ಒಂದು, ನಾಯಿ ಚೆನ್ನಾಗಿರುವಾಗಲೇ ಬರುವ ಇಂಥ ಕರೆ. ಇನ್ನೊಂದು, ಎರಡು ದಿನ ಕಳೆದು ವಾಂತಿಯಲ್ಲಿ ರಕ್ತ ಕಂಡ ಮೇಲೆ ಬರುವ ಕರೆ. ಔಷಧಿಯೂ ಪ್ರಮಾಣವೂ ಎರಡರಲ್ಲೂ ಒಂದೇ ಇರಬಹುದು, ಆದರೆ ನಾನು ಮಾಡಬಹುದಾದ ಕೆಲಸ ಮಾತ್ರ ಒಂದೇ ಅಲ್ಲ.

ನಾಯಿಯ ಹೆಸರು ಚುಕ್ಕಿ. ನಾಲ್ಕು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದ್ದ, ಮಿಶ್ರತಳಿಯ ಹೆಣ್ಣು ನಾಯಿ. ಹಿಂದಿನ ತಿಂಗಳು ಲಸಿಕೆಗೆ ಬಂದಾಗ ತೂಗಿದ್ದು 12 ಕಿಲೋಗ್ರಾಂ. ಮನೆಯಾಕೆಗೆ ಎರಡು ದಿನದ ಹಿಂದೆ ದವಡೆಹಲ್ಲು ಕೀಳಿಸಿಕೊಂಡ ನೋವು. ಹತ್ತು ಮಾತ್ರೆಗಳ ಸ್ಟ್ರಿಪ್ಪನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟು, 6 ಗಂಟೆ 15 ನಿಮಿಷಕ್ಕೆ ಹೊರಗೆ ಹೋದವರು 7 ಗಂಟೆ 5 ನಿಮಿಷಕ್ಕೆ ಮರಳಿ ಬಂದಾಗ, ಸ್ಟ್ರಿಪ್ಪಿನ ಚೂರುಗಳು ನೆಲದ ಮೇಲಿದ್ದವು. ಅನೇಕ ನೋವಿನ ಮಾತ್ರೆಗಳಿಗೆ ಹೊರಗಡೆ ತೆಳುವಾದ ಸಿಹಿ ಲೇಪವಿರುತ್ತದೆ. ಮನುಷ್ಯರು ಕಹಿ ತಗಲದಂತೆ ನುಂಗಲೆಂದು ಹಚ್ಚಿದ ಆ ಲೇಪ ನಾಯಿಯ ಪಾಲಿಗೆ ತಿಂಡಿಯೇ ಆಗಿಬಿಡುತ್ತದೆ.

ಫೋನಿನಲ್ಲಿ ನಾನು ಕೇಳಿದ್ದು ಆರು ಸಂಗತಿ: ಯಾವ ಔಷಧಿ, ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ, ಹೆಚ್ಚೆಂದರೆ ಎಷ್ಟು ಮಾತ್ರೆ ಹೊಟ್ಟೆಗೆ ಹೋಗಿರಬಹುದು, ಎಷ್ಟು ಹೊತ್ತಿನಲ್ಲಿ, ನಾಯಿಯ ಈಗಿನ ತೂಕ, ಬೇರೆ ಯಾವುದಾದರೂ ಔಷಧಿ ನಡೆಯುತ್ತಿದೆಯೇ. ಕೊನೆಯ ಪ್ರಶ್ನೆಯನ್ನು ಅನೇಕರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಚರ್ಮದ ತುರಿಕೆಗೆಂದು ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ಪಡೆಯುತ್ತಿರುವ ನಾಯಿ ನೋವಿನ ಮಾತ್ರೆಯನ್ನೂ ನುಂಗಿದರೆ ಜಠರದಲ್ಲಿ ಹುಣ್ಣಾಗುವ ಅಪಾಯ ಬಹಳ ಹೆಚ್ಚುತ್ತದೆ. ಚುಕ್ಕಿಗೆ ಅಂಥದ್ದೇನೂ ನಡೆಯುತ್ತಿರಲಿಲ್ಲ.

ಔಷಧಿ ಯಾವುದೆಂಬ ಪ್ರಶ್ನೆಗೆ ಬಂದ ಮೊದಲ ಉತ್ತರ "ಹಲ್ಲುನೋವಿನದು". ಚೂರುಗಳ ಫೋಟೋ ಕಳಿಸಲು ಹೇಳಿದೆ. ಹಲ್ಲಿನ ಗುರುತು ಬಿದ್ದು ಸುಕ್ಕಾಗಿದ್ದ ಹಾಳೆಯ ಮೇಲೆ "ಐಬುಪ್ರೊಫೆನ್" ಎಂಬ ಹೆಸರೂ 400 ಎಂಬ ಅಂಕಿಯೂ ಕಾಣುತ್ತಿದ್ದವು. ಅದರ ಕೆಳಗಿನ ಸಾಲು ಹರಿದುಹೋಗಿತ್ತು. ಹರಿದ ಸಾಲಿನಲ್ಲಿ ಏನಿತ್ತೆಂಬುದನ್ನು ತಿಳಿಯದೆ ಮುಂದುವರಿಯುವುದು ಸರಿಯಲ್ಲವೆನಿಸಿ, ಔಷಧಿ ಕೊಂಡಾಗ ಸಿಕ್ಕ ರಸೀದಿಯನ್ನೋ ವೈದ್ಯರ ಚೀಟಿಯನ್ನೋ ಹುಡುಕಿ ತರುವಂತೆ ಕೇಳಿಕೊಂಡೆ. ಚೀಟಿ ಸಿಕ್ಕಿತು. ಅದು ಐಬುಪ್ರೊಫೆನ್ 400 ಮಿಲಿಗ್ರಾಂ ಜೊತೆಗೆ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇದ್ದ ಜೋಡಿ ಮಾತ್ರೆ. ಆ ಒಂದು ಸಾಲು ಈ ಪ್ರಕರಣದ ದಿಕ್ಕನ್ನೇ ಬದಲಿಸಿತು. ಐಬುಪ್ರೊಫೆನ್ ಒಂದನ್ನೇ ನಂಬಿ ಚಿಕಿತ್ಸೆ ಮಾಡಿದ್ದರೆ ಯಕೃತ್ತಿಗೆ ಬೇಕಾದ ಮದ್ದನ್ನು ಕೊಡುತ್ತಲೇ ಇರಲಿಲ್ಲ.

ಇಷ್ಟು ಮಾತಾಡುವಷ್ಟರಲ್ಲಿ ಮನೆಯಲ್ಲಿ ಇನ್ನೊಬ್ಬರು ಲೋಟದಲ್ಲಿ ಉಪ್ಪುನೀರು ಕಲಸಿಕೊಂಡು ನಿಂತಿದ್ದರೆಂದು ಗೊತ್ತಾಯಿತು. ಅದನ್ನು ಚೆಲ್ಲಿಬಿಡಿ ಎಂದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿಯಿಂದ ರಕ್ತದ ಸೋಡಿಯಂ ಏಕಾಏಕಿ ಏರಿ ನಡುಕ, ಸೆಳವು, ಮಿದುಳಿಗೆ ಪೆಟ್ಟು ಆಗಬಲ್ಲುದು. ವಾಂತಿಯಾಗದೆ ಆ ಉಪ್ಪು ಒಳಗೇ ಉಳಿದರಂತೂ ಒಂದು ವಿಷಕ್ಕೆ ಇನ್ನೊಂದನ್ನು ಸೇರಿಸಿದಂತೆಯೇ ಸರಿ. ಗಂಟಲಿಗೆ ಬೆರಳು ಹಾಕುವುದರಿಂದ ಬೆರಳಿಗೂ ಗಂಟಲಿಗೂ ಗಾಯವಾಗುವುದೇ ಹೆಚ್ಚು. ಹಾಲು ಕುಡಿಸಿದರೆ ವಿಷ ಇಳಿಯುತ್ತದೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ನಾಯಿಗೆ ಮನೆಯಲ್ಲೇ ವಾಂತಿ ಮಾಡಿಸುವ ಕ್ರಮವೊಂದಿದೆ ನಿಜ. ಆದರೆ ಚಿಕಿತ್ಸಾಲಯ ತೀರಾ ದೂರವಿದ್ದು, ಪಶುವೈದ್ಯರೇ ಫೋನಿನಲ್ಲಿ ಪ್ರಮಾಣ ಹೇಳಿ ಒಪ್ಪಿದಾಗ ಮಾತ್ರ ಅದನ್ನು ಮಾಡಬೇಕು. ಪೆರಾಕ್ಸೈಡ್ ತಾನೇ ಜಠರದ ಒಳಪೊರೆಯನ್ನು ಸುಡುತ್ತದೆ, ಇನ್ನು ಕೆಲವೇ ಗಂಟೆಗಳಲ್ಲಿ ಅದೇ ಪೊರೆಯ ಮೇಲೆ ಐಬುಪ್ರೊಫೆನ್ ಎರಗಲಿದೆ ಎಂಬುದನ್ನು ಮರೆಯಬಾರದು. ಚುಕ್ಕಿಯ ಮನೆಯಿಂದ ಚಿಕಿತ್ಸಾಲಯಕ್ಕೆ ಅರ್ಧ ಗಂಟೆಗೂ ಕಡಿಮೆ ದಾರಿ. ಏನನ್ನೂ ಕುಡಿಸದೆ, ಚೂರುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೊರಟುಬನ್ನಿ ಎಂದೆ.

ಅವರು ಬರುವಷ್ಟರಲ್ಲಿ ಲೆಕ್ಕ ಹಾಕಿದೆ

ಹತ್ತರಲ್ಲಿ ಮನೆಯಾಕೆ ತಮ್ಮ ಹಲ್ಲುನೋವಿಗೆಂದು ಮೊದಲೇ ನುಂಗಿದ್ದು ಮೂರೋ ನಾಲ್ಕೋ, ಖಚಿತವಿಲ್ಲ. ಹಾಳೆಯೊಳಗೆ ಒಡೆಯದೆ ಉಳಿದಿದ್ದವು ಎರಡು. ಹಾಗಾಗಿ ಕಾಣೆಯಾದದ್ದು ನಾಲ್ಕು ಅಥವಾ ಐದು. ಇಂಥ ಸಂದರ್ಭದಲ್ಲಿ ಎಷ್ಟು ಕಡಿಮೆ ತಿಂದಿರಬಹುದು ಎಂದು ನಮ್ಮನ್ನು ನಾವು ಸಮಾಧಾನಪಡಿಸಿಕೊಳ್ಳುವ ಬದಲು, ಹೆಚ್ಚೆಂದರೆ ಎಷ್ಟು ತಿಂದಿರಬಹುದು ಎಂಬುದನ್ನೇ ಹಿಡಿಯಬೇಕು. ಮನೆಯಲ್ಲಿ ಎರಡು ನಾಯಿಗಳಿದ್ದರೆ, ಕಾಣೆಯಾದ ಅಷ್ಟೂ ಮಾತ್ರೆಗಳನ್ನು ಪ್ರತಿಯೊಂದು ನಾಯಿಯೂ ತಿಂದಿದೆ ಎಂದೇ ಎರಡೂ ಲೆಕ್ಕಗಳನ್ನು ಬೇರೆಬೇರೆಯಾಗಿ ಮಾಡಬೇಕು.

ಐದು ಮಾತ್ರೆಗಳಲ್ಲಿ ಐಬುಪ್ರೊಫೆನ್ 2,000 ಮಿಲಿಗ್ರಾಂ. 12ರಿಂದ ಭಾಗಿಸಿದರೆ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ ಸುಮಾರು 167 ಮಿಲಿಗ್ರಾಂ. ಪ್ಯಾರಾಸಿಟಮಾಲ್ 1,625 ಮಿಲಿಗ್ರಾಂ. ಕಿಲೋಗ್ರಾಂಗೆ ಸುಮಾರು 135. ನಾಯಿಗಳಲ್ಲಿ ಐಬುಪ್ರೊಫೆನ್ ಕಿಲೋಗ್ರಾಂಗೆ 25ರಿಂದ 50 ಮಿಲಿಗ್ರಾಂ ಮುಟ್ಟಿದರೆ ವಾಂತಿ, ಹೊಟ್ಟೆನೋವು, ಜಠರದ ಉರಿ ಕಾಣಿಸಿಕೊಳ್ಳುತ್ತವೆ. 100 ದಾಟಿದ ಮೇಲೆ ಜಠರದ ಹುಣ್ಣಿನ ಜೊತೆಗೆ ಮೂತ್ರಪಿಂಡಕ್ಕೂ ಅಪಾಯ ತಟ್ಟುತ್ತದೆ. 400ರ ಮೇಲೆ ಸೆಳವು, ಎಚ್ಚರ ತಪ್ಪುವಿಕೆ. 600ರ ಹತ್ತಿರ ಪ್ರಾಣಕ್ಕೇ ಸಂಚಕಾರ. ಪ್ಯಾರಾಸಿಟಮಾಲ್ ಕಿಲೋಗ್ರಾಂಗೆ 100 ಮಿಲಿಗ್ರಾಂ ದಾಟಿದರೆ ನಾಯಿಯ ಯಕೃತ್ತಿಗೆ ಪೆಟ್ಟು ಬೀಳಬಹುದು, 200ರ ಆಸುಪಾಸಿನಲ್ಲಿ ರಕ್ತವೇ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಚುಕ್ಕಿಯ ಎರಡು ಸಂಖ್ಯೆಗಳೂ ಗಂಭೀರ ಗೆರೆಯ ಆಚೆಗೇ ಇದ್ದವು.

60 ಕಿಲೋಗ್ರಾಂ ತೂಕದ ಮನುಷ್ಯ ಈ ಮಾತ್ರೆಯೊಂದನ್ನು ನುಂಗಿದರೆ ಐಬುಪ್ರೊಫೆನ್ ಕಿಲೋಗ್ರಾಂಗೆ 7 ಮಿಲಿಗ್ರಾಂ ಕೂಡ ಆಗುವುದಿಲ್ಲ. ಅದೇ ಮಾತ್ರೆ ಚುಕ್ಕಿಯ ಮೈಯಲ್ಲಿ 33, ನಾಲ್ಕು ಕಿಲೋಗ್ರಾಂ ತೂಗುವ ಮರಿಯ ಮೈಯಲ್ಲಿ 100. "ಒಂದೇ ಒಂದು ತಾನೇ" ಎಂಬ ಮಾತು ಮರಿಯ ವಿಷಯದಲ್ಲಿ ಎಷ್ಟು ಪೊಳ್ಳೆಂಬುದನ್ನು ಹೇಳಲು ಇದಕ್ಕಿಂತ ಹೆಚ್ಚಿನ ಗಣಿತ ಬೇಕಾಗುವುದಿಲ್ಲ.

ಐಬುಪ್ರೊಫೆನ್ ಕೆಲಸ ಮಾಡುವ ಬಗೆಯಲ್ಲೇ ಅದರ ಅಪಾಯವೂ ಅಡಗಿದೆ. ಈ ಜಾತಿಯ ಔಷಧಿಗಳು ದೇಹವೇ ತಯಾರಿಸುವ, ನೋವು ಹೆಚ್ಚಿಸುವ ರಾಸಾಯನಿಕಗಳಾದ ಪ್ರೊಸ್ಟಾಗ್ಲಾಂಡಿನ್‌ಗಳ ತಯಾರಿಕೆಯನ್ನು ತಡೆದು ನೋವು ಇಳಿಸುತ್ತವೆಂಬುದನ್ನು ಬ್ರಿಟನ್ನಿನ ಔಷಧವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ಆದರೆ ಅವೇ ಪ್ರೊಸ್ಟಾಗ್ಲಾಂಡಿನ್‌ಗಳು ಜಠರದ ಒಳಗೋಡೆಗೆ ಲೋಳೆಯ ಹೊದಿಕೆಯನ್ನೂ, ಮೂತ್ರಪಿಂಡಗಳಿಗೆ ಬೇಕಾದ ರಕ್ತದ ಹರಿವನ್ನೂ ಕಾಯುತ್ತಿರುತ್ತವೆ. ನೋವಿನ ಜೊತೆಗೆ ಆ ಕಾವಲೂ ಹೋಗುತ್ತದೆ. ಸಾಲದೆಂಬಂತೆ, ನಾಯಿಯ ದೇಹದಲ್ಲಿ ಐಬುಪ್ರೊಫೆನ್ ಪಿತ್ತರಸದ ಮೂಲಕ ಕರುಳಿಗೆ ಇಳಿದು ಮತ್ತೆ ರಕ್ತಕ್ಕೆ ಹೀರಲ್ಪಡುತ್ತದೆ. ಒಮ್ಮೆ ನುಂಗಿದ ಮದ್ದು ಪದೇಪದೇ ನುಂಗಿದಂತೆ ಸುತ್ತು ಹಾಕುತ್ತಿರುತ್ತದೆ. ಪ್ಯಾರಾಸಿಟಮಾಲ್ ಹಿಡಿಯುವ ದಾರಿ ಬೇರೆ. ಯಕೃತ್ತು ಅದನ್ನು ಒಡೆಯುವಾಗ ಹುಟ್ಟುವ ಒಂದು ವಿಷವಸ್ತುವನ್ನು ಗ್ಲುಟಾಥಿಯೋನ್ ಎಂಬ ರಾಸಾಯನಿಕ ಹಿಡಿದು ನಿರುಪದ್ರವಿ ಮಾಡುತ್ತದೆ. ಗ್ಲುಟಾಥಿಯೋನ್ ದಾಸ್ತಾನು ಮುಗಿದ ಕ್ಷಣದಿಂದ ಆ ವಿಷ ಯಕೃತ್ತಿನ ಜೀವಕೋಶಗಳಿಗೇ ಅಂಟಿಕೊಳ್ಳತೊಡಗುತ್ತದೆ.

ಮೊದಲ ಎರಡು ಗಂಟೆ

7 ಗಂಟೆ 40 ನಿಮಿಷಕ್ಕೆ ಚುಕ್ಕಿ ಒಳಗೆ ಬಂದಳು. ತೂಕ 12.1. ಒಸಡು ಗುಲಾಬಿ ಬಣ್ಣದಲ್ಲೇ ಇದ್ದವು. ಪ್ಯಾರಾಸಿಟಮಾಲ್ ರಕ್ತವನ್ನು ಕೆಡಿಸಿದ್ದರೆ ಅವು ಕಂದು ಬಣ್ಣಕ್ಕೆ ತಿರುಗುತ್ತಿದ್ದವು, ಮುಖ ಮತ್ತು ಪಂಜಗಳು ಊದಿಕೊಳ್ಳುವುದೂ ಉಂಟು. ಎದೆಬಡಿತ, ಉಸಿರಾಟ, ಎಚ್ಚರ ಎಲ್ಲವೂ ಸರಿಯಿದ್ದವು. ಎಚ್ಚರ ಸರಿಯಿದೆಯೇ ಎಂದು ನೋಡುವುದು ಶಾಸ್ತ್ರಕ್ಕಲ್ಲ. ಮಂಪರಿನಲ್ಲಿರುವ ಅಥವಾ ನಡುಗುತ್ತಿರುವ ನಾಯಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಹೊಸ ಆಪತ್ತು ತರುತ್ತದೆ.

ಡ್ರಿಪ್ ಹಾಕುವ ಮುನ್ನವೇ ರಕ್ತ ಮತ್ತು ಮೂತ್ರದ ಮಾದರಿ ತೆಗೆದುಕೊಂಡೆವು. ಡ್ರಿಪ್ ಹೋಗತೊಡಗಿದ ಮೇಲೆ ಮೂತ್ರ ತೆಳ್ಳಗಾಗುವುದರಿಂದ, ಮೂತ್ರಪಿಂಡ ಅದನ್ನು ಗಟ್ಟಿಗೊಳಿಸಬಲ್ಲುದೇ ಎಂಬ ಮುಖ್ಯ ಸಂಗತಿ ತಿಳಿಯುವ ಅವಕಾಶ ಕೈತಪ್ಪುತ್ತದೆ. ಚುಕ್ಕಿಯ ಮೂತ್ರದ ಸಾಪೇಕ್ಷ ಸಾಂದ್ರತೆ 1.038, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕಶ್ಮಲವಾದ ಕ್ರಿಯಾಟಿನಿನ್ 0.9, ಯಕೃತ್ತಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಕಿಣ್ವವಾದ ಎಎಲ್‌ಟಿ 41. ಆರೋಗ್ಯವಂತ ನಾಯಿಯ ಅಂಕಿಗಳು.

7 ಗಂಟೆ 50 ನಿಮಿಷಕ್ಕೆ ಕಿಲೋಗ್ರಾಂಗೆ 0.03 ಮಿಲಿಗ್ರಾಂನಂತೆ ವಾಂತಿ ಮಾಡಿಸುವ ಮದ್ದಾದ ಅಪೊಮಾರ್ಫಿನ್ ಅನ್ನು ರಕ್ತನಾಳಕ್ಕೆ ಕೊಟ್ಟೆವು. ಮೂರು ನಿಮಿಷದೊಳಗೆ ಚುಕ್ಕಿ ತುಟಿ ಚಪ್ಪರಿಸಿ, ತಲೆ ತಗ್ಗಿಸಿ, ಮೂರು ಸಲ ವಾಂತಿ ಮಾಡಿದಳು. ಬಿಳಿ ತಟ್ಟೆಯ ಮೇಲೆ ಅದನ್ನು ಹರಡಿ ಇಕ್ಕಳದಿಂದ ಕೆದಕಿ ನೋಡಿದಾಗ, ಅಂಚು ಕರಗಿ ಗುಂಡಗಾಗಿದ್ದ ಒಂದು ಮಾತ್ರೆ, ಸುಣ್ಣದಂಥ ಬಿಳಿ ರಾಡಿ, ಉಗುರಿನಷ್ಟಗಲದ ಹಾಳೆಯ ಚೂರೊಂದು ಸಿಕ್ಕವು. ಮನೆಯಾಕೆಗೆ ಆ ಮಾತ್ರೆ ಕಂಡದ್ದೇ ದೊಡ್ಡ ನಿರಾಳ. ನನಗೆ ಅಷ್ಟಾಗಿ ಆಗಲಿಲ್ಲ. ಸಕಾಲದಲ್ಲಿ ವಾಂತಿ ಮಾಡಿಸಿದರೂ ಜಠರದಲ್ಲಿದ್ದ ಎಲ್ಲವೂ ಹೊರಬರುವುದಿಲ್ಲ, ಅರ್ಧದಷ್ಟು ಬಂದರೆ ದೊಡ್ಡದು. ರಾಡಿಯಲ್ಲಿ ಎಷ್ಟು ಮಾತ್ರೆಯ ಪುಡಿ ಇತ್ತೆಂದು ಹೇಳುವ ಉಪಾಯವೂ ಇಲ್ಲ. ಆದ್ದರಿಂದ ಐದರಿಂದ ಒಂದನ್ನು ಕಳೆದು ಲೆಕ್ಕವನ್ನು ತಿದ್ದಲು ನಾನು ಹೋಗಲಿಲ್ಲ.

ವಾಂತಿ ನಿಲ್ಲುವ ಚುಚ್ಚುಮದ್ದು ಕೊಟ್ಟು ಒಂದು ಗಂಟೆ ಕಾದ ಮೇಲೆ 18 ಗ್ರಾಂ ಸಕ್ರಿಯ ಇದ್ದಿಲನ್ನು ಸ್ವಲ್ಪ ಮೆದು ಆಹಾರದಲ್ಲಿ ಕಲಸಿ ಇಟ್ಟೆವು. ಚುಕ್ಕಿ ಅದನ್ನೂ ನೆಕ್ಕಿ ಮುಗಿಸಿದಳು. ಮಾತ್ರೆಯ ಸ್ಟ್ರಿಪ್ಪನ್ನೇ ಬಿಡದ ಬಾಯಿ ಇದ್ದಿಲನ್ನು ಬಿಟ್ಟೀತೇ! ಐಬುಪ್ರೊಫೆನ್ ಮತ್ತೆ ಕರುಳಿಗೆ ಮರಳುವ ಗುಣದಿಂದಾಗಿ ಎಂಟು ಗಂಟೆಯ ಬಳಿಕ ಅದರರ್ಧ ಪ್ರಮಾಣವನ್ನು ಇನ್ನೊಮ್ಮೆ ಕೊಟ್ಟೆವು. ಒಲೆಯ ಇದ್ದಿಲನ್ನೋ ಸುಟ್ಟ ರೊಟ್ಟಿಯ ಕರಿಯನ್ನೋ ಕೊಟ್ಟರೆ ಈ ಕೆಲಸ ಆಗುವುದಿಲ್ಲ. ಸಕ್ರಿಯ ಇದ್ದಿಲಿನ ಒಂದೊಂದು ಕಣವೂ ವಿಷವನ್ನು ಹಿಡಿದಿಡಲೆಂದೇ ಅಸಂಖ್ಯ ರಂಧ್ರಗಳಿರುವಂತೆ ಸಿದ್ಧಪಡಿಸಿದ್ದು.

ಮೂರು ದಿನಗಳ ಕಾವಲು

ಮೂತ್ರಪಿಂಡಕ್ಕೆ ರಕ್ತದ ಹರಿವು ಕುಗ್ಗದಂತೆ ನೋಡಿಕೊಳ್ಳಲು ದಿನನಿತ್ಯದ ಅಗತ್ಯದ ಎರಡರಷ್ಟು, ಅಂದರೆ ಗಂಟೆಗೆ 60 ಮಿಲಿಲೀಟರಿನಂತೆ, ಡ್ರಿಪ್ ಹರಿಸಿದೆವು. ಯಕೃತ್ತಿಗೆ ಗ್ಲುಟಾಥಿಯೋನ್ ತಯಾರಿಸಿಕೊಳ್ಳಲು ಬೇಕಾದ ಕಚ್ಚಾಸಾಮಗ್ರಿ ಒದಗಿಸುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದನ್ನು ಮೊದಲು ಕಿಲೋಗ್ರಾಂಗೆ 140 ಮಿಲಿಗ್ರಾಂ, ಆಮೇಲೆ ಆರು ಗಂಟೆಗೊಮ್ಮೆ 70ರಂತೆ ಏಳು ಸಲ ಕೊಟ್ಟೆವು. ಬಾಯಿಯ ಮೂಲಕ ಕೊಟ್ಟರೆ ಇದ್ದಿಲು ಈ ಮದ್ದನ್ನೂ ಹಿಡಿದುಕೊಂಡುಬಿಡುತ್ತದೆ, ಅದಕ್ಕೇ ಚೆನ್ನಾಗಿ ತೆಳುಗೊಳಿಸಿ ರಕ್ತನಾಳದ ಮೂಲಕವೇ ನಿಧಾನವಾಗಿ ಹರಿಸಬೇಕಾಯಿತು. ಜಠರದ ಆಮ್ಲ ತಗ್ಗಿಸಲು ಪ್ಯಾಂಟೊಪ್ರಜೋಲ್. ಕಳೆದುಹೋದ ಪ್ರೊಸ್ಟಾಗ್ಲಾಂಡಿನ್‌ನ ಸ್ಥಾನ ತುಂಬಲು ಎಂಟು ಗಂಟೆಗೊಮ್ಮೆ ಮಿಸೊಪ್ರೊಸ್ಟಾಲ್. ಈ ಕೊನೆಯ ಮಾತ್ರೆ ಗರ್ಭಪಾತಕ್ಕೆ ಕಾರಣವಾಗಬಲ್ಲುದು. ಹಾಗಾಗಿ ಅದನ್ನು ಕತ್ತರಿಸಿ ಕೊಡುವ ಕೆಲಸಕ್ಕೆ ಗರ್ಭಿಣಿಯರು ಕೈಹಾಕಬಾರದೆಂದು ನಮ್ಮ ಸಿಬ್ಬಂದಿಗೂ ಮನೆಯವರಿಗೂ ಬಿಡಿಸಿ ಹೇಳಿದೆವು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಚುಕ್ಕಿ ಊಟ ಮಾಡಿ, ಪಂಜರದ ಬಾಗಿಲು ಕೆರೆಯುತ್ತಿದ್ದಳು. "ಇಷ್ಟು ಲವಲವಿಕೆಯಿಂದಿದ್ದಾಳೆ, ಕರೆದುಕೊಂಡು ಹೋಗಬಹುದಲ್ಲವೇ" ಎಂದು ಮನೆಯವರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ; ಕಣ್ಣಿಗೆ ಕಾಣುವುದನ್ನು ನಂಬುವುದು ಸಹಜ. ಆದರೆ ಜಠರದ ಹುಣ್ಣು ಬಲಿತು ರಕ್ತ ಸೋರಲು ನಾಲ್ಕು ದಿನದವರೆಗೂ ಸಮಯ ಹಿಡಿಯಬಹುದು, ಮೂತ್ರಪಿಂಡದ ಏರುಪೇರು ರಕ್ತಪರೀಕ್ಷೆಯಲ್ಲಿ ಕಾಣಿಸುವುದು ಸಾಮಾನ್ಯವಾಗಿ ಎರಡನೆಯ, ಮೂರನೆಯ ದಿನ. ನಾನು ಚಿಕಿತ್ಸೆ ಕೊಡುತ್ತಿದ್ದದ್ದು ಕಾಣುತ್ತಿದ್ದ ಲಕ್ಷಣಕ್ಕಲ್ಲ, ಕಾಗದದ ಮೇಲೆ ಬರೆದಿಟ್ಟಿದ್ದ 167 ಮತ್ತು 135 ಎಂಬ ಎರಡು ಅಂಕಿಗಳಿಗೆ. ಹಾಗೆಂದೇ ಹೇಳಿದೆ. ಅವರು ಒಪ್ಪಿದರು, ಅಷ್ಟೇನೂ ಮನಸ್ಸಿಲ್ಲದೆ.

ಅದೇ ಸಂಜೆ ಇನ್ನೊಂದು ಗೊಂದಲ. ಚುಕ್ಕಿಯ ಮಲ ಕಡುಗಪ್ಪು. ಜಠರದಲ್ಲಿ ರಕ್ತ ಒಸರಿದರೆ ಅದು ಜೀರ್ಣವಾಗಿ ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಇದ್ದಿಲು ತಿಂದ ನಾಯಿಯ ಮಲವೂ ಕಪ್ಪೇ. ಕಪ್ಪು ಮಲ ಕಂಡರೆ ತಿಳಿಸಿ ಎಂದು ಎಲ್ಲರಿಗೂ ಹೇಳುವ ನಾವೇ ಆ ಗುರುತನ್ನು ಮೊದಲ ಎರಡು ದಿನ ಅಳಿಸಿಹಾಕಿರುತ್ತೇವೆ. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಚೂರು ಮಲ ಒರೆಸಿ ಬೆಳಕಿಗೆ ಹಿಡಿದೆ. ರಕ್ತವಿದ್ದರೆ ಅಂಚಿನಲ್ಲಿ ಕೆಂಗಂದು ಬಣ್ಣ ಹರಡುತ್ತದೆ. ಇಲ್ಲಿ ಬೂದುಗಪ್ಪು ಪುಡಿ ಮಾತ್ರ ಕೂತಿತ್ತು. ಇದು ಒರಟು ಉಪಾಯವಷ್ಟೇ, ನೆಚ್ಚಿ ಕೂರುವಂಥದ್ದಲ್ಲವಾದ್ದರಿಂದ ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ದಿನಕ್ಕೆರಡು ಬಾರಿ ಅಳೆದೆವು. ಶೇ. 46 ಇದ್ದದ್ದು 41ಕ್ಕೆ ಇಳಿಯಿತು, ಅಲ್ಲೇ ನಿಂತಿತು. ಡ್ರಿಪ್ಪಿನಿಂದ ರಕ್ತ ತೆಳ್ಳಗಾದದ್ದಕ್ಕೆ ಆ ಇಳಿಕೆ ಸರಿಹೊಂದುತ್ತಿತ್ತು.

24 ಗಂಟೆಗೆ ಕ್ರಿಯಾಟಿನಿನ್ 1.0, ಎಎಲ್‌ಟಿ 58. 48 ಗಂಟೆಗೆ ಬಂದ ವರದಿಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಎಎಲ್‌ಟಿ 236ಕ್ಕೆ ಏರಿತ್ತು, ಅದರ ಮುಂದೆ ಯಂತ್ರವೇ ಎಚ್ಚರಿಕೆಯ ಬಾಣದ ಗುರುತು ಮುದ್ರಿಸಿತ್ತು, ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಕ್ರಿಯಾಟಿನಿನ್ 1.4, ಅದರ ಮುಂದೆ ಯಾವ ಗುರುತೂ ಇರಲಿಲ್ಲ, ಏಕೆಂದರೆ ಅದು ಪ್ರಯೋಗಾಲಯದ ಸಹಜ ಮಿತಿಯೊಳಗೇ ಇತ್ತು. ನನ್ನ ನಿದ್ದೆಗೆಡಿಸಿದ್ದು ಆ ಗುರುತಿಲ್ಲದ ಅಂಕಿ. 48 ಗಂಟೆಯೊಳಗೆ ಕ್ರಿಯಾಟಿನಿನ್ 0.3ರಷ್ಟು ಏರಿದರೂ ಮೂತ್ರಪಿಂಡಕ್ಕೆ ಹೊಸ ಪೆಟ್ಟು ಬಿದ್ದಿದೆಯೆಂದೇ ತಿಳಿಯಬೇಕು, ಏರಿ ನಿಂತ ಸಂಖ್ಯೆ ಸಹಜ ಮಿತಿಯೊಳಗಿದ್ದರೂ ಸರಿಯೇ. ಚುಕ್ಕಿಯಲ್ಲಿ ಅದು 0.5ರಷ್ಟು ಏರಿತ್ತು, ಅದೂ ಧಾರಾಳವಾಗಿ ಡ್ರಿಪ್ ಹರಿಯುತ್ತಿದ್ದಾಗ. ಮೊದಲ ದಿನದ 0.9 ಕೈಯಲ್ಲಿಲ್ಲದಿದ್ದರೆ ಈ 1.4 ಸಹಜವೆಂದು ನಾನೂ ದಾಟಿಹೋಗುತ್ತಿದ್ದೆ. ಅಂದು ನಿಲ್ಲಿಸಬೇಕಿದ್ದ ಡ್ರಿಪ್ಪನ್ನು ಇನ್ನೊಂದು ದಿನ ಮುಂದುವರಿಸಿ, ಎಷ್ಟು ಮೂತ್ರ ಹೋಗುತ್ತಿದೆಯೆಂದು ಹಾಸಿದ ಬಟ್ಟೆಗಳನ್ನು ತೂಗಿ ತೂಗಿ ಬರೆದಿಟ್ಟೆವು. 72 ಗಂಟೆಗೆ ಕ್ರಿಯಾಟಿನಿನ್ 1.1ಕ್ಕೆ, ಎಎಲ್‌ಟಿ 190ಕ್ಕೆ ಇಳಿದವು. ಡ್ರಿಪ್ಪನ್ನು ಒಮ್ಮೆಲೇ ತೆಗೆಯದೆ ಹನ್ನೆರಡು ಗಂಟೆ ಅವಧಿಯಲ್ಲಿ ತಗ್ಗಿಸುತ್ತ ಬಂದು ನಿಲ್ಲಿಸಿದೆವು.

ಇದೇ ನಾಯಿ ನ್ಯಾಪ್ರಾಕ್ಸೆನ್ ಎಂಬ ಇನ್ನೊಂದು ನೋವಿನ ಮಾತ್ರೆ ನುಂಗಿದ್ದರೆ ಮೂರು ದಿನದ ಈ ಲೆಕ್ಕ ಸಾಲುತ್ತಿರಲಿಲ್ಲ. ಅದು ನಾಯಿಯ ರಕ್ತದಲ್ಲಿ ಅರ್ಧಕ್ಕಿಳಿಯಲೇ ಸುಮಾರು 74 ಗಂಟೆ ಬೇಕು, ಕಿಲೋಗ್ರಾಂಗೆ 5 ಮಿಲಿಗ್ರಾಂ ಕೂಡ ಹುಣ್ಣು ತರಬಲ್ಲುದು. ಬೆಕ್ಕಾಗಿದ್ದರಂತೂ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಸಾಕಿತ್ತು ಪ್ರಾಣ ತೆಗೆಯಲು, ಏಕೆಂದರೆ ಅದನ್ನು ನಿರುಪದ್ರವಿಯಾಗಿಸಿ ಹೊರಹಾಕುವ ಮುಖ್ಯ ದಾರಿಯೇ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕ್ಷೀಣ. ಮತ್ತೊಂದು ಬಗೆಯ ಪ್ರಕರಣವನ್ನೂ ಇಲ್ಲಿ ನೆನೆಯಬೇಕು: ಕುಂಟುವ ನಾಯಿಗೆ ಪಾಪವೆಂದು ಮನೆಯವರೇ ತಮ್ಮ ಮಾತ್ರೆಯನ್ನು ದಿನಕ್ಕೊಂದರಂತೆ ಕೊಟ್ಟದ್ದು. ಕಿಲೋಗ್ರಾಂಗೆ 8 ಮಿಲಿಗ್ರಾಂನಷ್ಟು ಐಬುಪ್ರೊಫೆನ್ ದಿನಾ ಹೋದರೂ ಕೆಲವು ವಾರಗಳಲ್ಲಿ ಜಠರದಲ್ಲಿ ಹುಣ್ಣಾಗುತ್ತದೆ. ಅಂಥವರು ಸಂಕೋಚದಿಂದ ಮಾತ್ರೆಯ ಸಂಗತಿ ಮುಚ್ಚಿಡುತ್ತಾರೆ, ನಾವು ಬೇರೆ ಕಾಯಿಲೆ ಹುಡುಕುತ್ತ ಎರಡು ದಿನ ಕಳೆಯುತ್ತೇವೆ. ಗದರಿಸುವ ವೈದ್ಯರಿಗೆ ಯಾರೂ ನಿಜ ಹೇಳುವುದಿಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ.

ನಾಲ್ಕನೆಯ ದಿನ ಬೆಳಿಗ್ಗೆ ಚುಕ್ಕಿಯನ್ನು ಮನೆಗೆ ಕಳಿಸಿದೆವು. ಜಠರರಕ್ಷಕ ಮಾತ್ರೆಗಳನ್ನು ಒಟ್ಟು ಹತ್ತು ದಿನ ಕೊಡುವಂತೆಯೂ, ವಾಂತಿ, ಊಟ ಬಿಡುವುದು, ಮುಂಗಾಲು ಚಾಚಿ ಎದೆ ನೆಲಕ್ಕೂರಿ ಹಿಂಭಾಗ ಎತ್ತಿ ನಿಲ್ಲುವುದು, ಅತಿಯಾಗಿ ನೀರು ಕುಡಿಯುವುದು ಇವುಗಳಲ್ಲಿ ಒಂದು ಕಂಡರೂ ಹೊತ್ತು ನೋಡದೆ ಕರೆ ಮಾಡುವಂತೆಯೂ ತಿಳಿಸಿದೆವು. ಇದ್ದಿಲಿನ ಕಪ್ಪು ಎರಡು ದಿನದಲ್ಲಿ ಹೋಗಬೇಕು, ಆಮೇಲೂ ಮಲ ಕಪ್ಪಾಗಿದ್ದರೆ ಅದು ಇದ್ದಿಲಲ್ಲ ಎಂದು ಬರೆದೇ ಕೊಟ್ಟೆ.

ಏಳನೆಯ ದಿನದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.9, ಎಎಲ್‌ಟಿ 74, ಮೂತ್ರದ ಸಾಂದ್ರತೆ 1.036. ಅಂದು ಮನೆಯಾಕೆ ಕೈಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಾಸಿಗೆ ಒಣಹಾಕಲು ಎತ್ತಿದಾಗ ಗೋಡೆಯ ಸಂದಿಯಲ್ಲಿ ಸಿಕ್ಕಿತಂತೆ: ಒಂದು ಮಾತ್ರೆ, ಲೇಪವನ್ನು ನೆಕ್ಕಿ ಬಿಟ್ಟದ್ದು, ಒಂದು ಬದಿಯಲ್ಲಿ ಕೋರೆಹಲ್ಲಿನ ತಗ್ಗು. ಅಲ್ಲಿಗೆ ಐದು ಹೋಗಿ ನಾಲ್ಕಾಯಿತು. ಕಡತ ತೆಗೆದು ಹೊಸ ಲೆಕ್ಕವನ್ನು ಹಳೆಯದರ ಪಕ್ಕದಲ್ಲಿ ಬರೆದೆ: ಐಬುಪ್ರೊಫೆನ್ 133, ಪ್ಯಾರಾಸಿಟಮಾಲ್ 108. "ಹಾಗಾದರೆ ಅಷ್ಟೆಲ್ಲ ಚಿಕಿತ್ಸೆ ಬೇಕಿರಲಿಲ್ಲವೇ" ಎಂದು ಅವರು ಕೇಳಿದರು. ಬೇಕಿತ್ತು ಎಂದೆ, ಎರಡೂ ಅಂಕಿಗಳು ಇನ್ನೂ ನೂರರ ಮೇಲೆಯೇ ಇದ್ದವು.